ಎಂಜಲಿನಲ್ಲೇ ಸಿಗುವ ಜ್ವರದ ಸುಳಿವು

ಹೂಡಿಯಂಥ ಊರಿನಲ್ಲಿ ಮನೆಮಂದಿ ಬೆಳಿಗ್ಗೆ ಒಬ್ಬೊಬ್ಬರು ಒಂದೊಂದು ಕಡೆ ಹೊರಡುತ್ತಾರೆ. ಐಟಿಪಿಎಲ್ ಕಡೆಯ ಕಚೇರಿಗೆ ಒಬ್ಬರು, ಮಹದೇವಪುರದ ಕಾರ್ಖಾನೆಗೆ ಇನ್ನೊಬ್ಬರು, ಶಾಲೆಗೆ ಮಕ್ಕಳು. ಇವರಲ್ಲಿ ಯಾರಾದರೊಬ್ಬರು ಜ್ವರ, ಗಂಟಲು ನೋವು ಹೊತ್ತು ತಂದರೆ ಮನೆಯಲ್ಲಿರುವ ಸಕ್ಕರೆ ಕಾಯಿಲೆಯ ಅಜ್ಜಿಯ ಗತಿ ಏನು? ಇದು ಬರೀ ನೆಗಡಿಯೋ, ಫ್ಲೂ ಜ್ವರವೋ, ಕೋವಿಡ್ಡೋ ಎಂಬುದನ್ನು ಲಕ್ಷಣ ನೋಡಿಯೇ ಹೇಳುವುದು ವೈದ್ಯರಿಗೂ ಕಷ್ಟ. ಪರೀಕ್ಷೆ ಬೇಕಾಗುತ್ತದೆ.

ಮೂಗಿನೊಳಗೆ ಕಡ್ಡಿ ತೂರಿಸುವ ಪರೀಕ್ಷೆಯನ್ನು 2020ರಲ್ಲಿ ಕಂಡವರು ಮರೆತಿರಲಾರರು. ಮಕ್ಕಳಂತೂ ಕಿರುಚಾಡುತ್ತಿದ್ದರು. ಆ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ರೂಪಿಸಿದ ಲಾಲಾರಸ ಪರೀಕ್ಷೆಗೆ ಅಲ್ಲಿನ ಸರ್ಕಾರ ತುರ್ತು ಅನುಮತಿ ನೀಡಿತು. ನಮ್ಮಲ್ಲಿ ನಾಗಪುರದ ನೀರಿ ಸಂಸ್ಥೆ ಉಪ್ಪುನೀರು ಮುಕ್ಕಳಿಸಿ ಅದೇ ನಳಿಕೆಗೆ ಉಗುಳುವ ವಿಧಾನ ಕಂಡುಹಿಡಿಯಿತು. 2021ರ ಮೇ ತಿಂಗಳಲ್ಲಿ ಐಸಿಎಂಆರ್ ಒಪ್ಪಿಗೆಯೂ ದೊರೆಯಿತು. ಎಂಜಲೆಂದರೆ ಮಾರು ದೂರ ಸರಿಯುವ ನಮಗೆ ಅದೇ ಉಪಕಾರಕ್ಕೆ ಬಂದದ್ದು ವಿಚಿತ್ರವೇ ಸರಿ.

ವೈರಾಣು ಎಂಜಲಿಗೆ ಬರುವುದು ಹೇಗೆ? ಮೂಗು, ಗಂಟಲಿನ ಸ್ರಾವ ಬಾಯಿಗೆ ಸೇರುತ್ತದೆ. ಕೋವಿಡ್ ವೈರಾಣು ಲಾಲಾರಸದ ಗ್ರಂಥಿಗಳಲ್ಲೇ ಬೆಳೆಯಬಲ್ಲುದು. ಆರ್‌ಟಿ-ಪಿಸಿಆರ್ ಯಂತ್ರವು ವೈರಾಣುವಿನ ವಂಶದ್ರವ್ಯವನ್ನು ಪ್ರತಿ ಸುತ್ತಿನಲ್ಲೂ ಇಮ್ಮಡಿಗೊಳಿಸುತ್ತದೆ. ಲೆಕ್ಕದ ಪ್ರಕಾರ 30 ಸುತ್ತುಗಳಲ್ಲಿ ಒಂದು ಎಳೆ 100 ಕೋಟಿಯನ್ನೂ ಮೀರುತ್ತದೆ. ಚೂರೇ ಇದ್ದರೂ ಪತ್ತೆಯಾಗುವುದು ಇದರಿಂದಲೇ.

ಆದರೆ ಉಗುಳುವುದರಲ್ಲೂ ಕ್ರಮವಿದೆ. ಅರ್ಧ ಗಂಟೆ ಮೊದಲು ಊಟ, ಕಾಫಿ, ಹಲ್ಲುಜ್ಜುವುದು, ಬೀಡಿ ಸಿಗರೇಟು ಬೇಡ. ಎಲೆ ಅಡಿಕೆ, ಗುಟ್ಕಾ ಹಾಕಿದ ಬಾಯಿಯ ಎಂಜಲಂತೂ ಕೆಲಸಕ್ಕೆ ಬಾರದು. ಲಾಲಾರಸ ಕೇಳಿದಾಗ ಕೆಮ್ಮಿ ಕಫ ತೆಗೆಯಬೇಡಿ. ಬಾಯಲ್ಲಿ ತಾನಾಗಿ ಊರಿದ್ದನ್ನೇ ನಳಿಕೆಗೆ ಬಿಡಿ. ಎಲ್ಲ ಪ್ರಯೋಗಾಲಯಗಳೂ ಎಂಜಲನ್ನು ತೆಗೆದುಕೊಳ್ಳುವುದಿಲ್ಲ, ಮೊದಲೇ ವಿಚಾರಿಸಿ. ಔಷಧಿ ಅಂಗಡಿಯಿಂದ ತಂದ, ಮೂಗಿನ ದ್ರವಕ್ಕೆಂದೇ ಮಾಡಿದ ಕಿಟ್ಟಿನ ಮೇಲೆ ಎಂಜಲು ಹಾಕಿ ಬಂದ ಫಲಿತಾಂಶವನ್ನು ನಂಬಬೇಡಿ.

"ನೆಗೆಟಿವ್ ಬಂತು" ಎಂದು ಅಜ್ಜಿಯ ಪಕ್ಕ ಕೂರಲು ಅವಸರವೂ ಬೇಡ. ಸೋಂಕಿನ ಮೊದಲ ದಿನಗಳಲ್ಲಿ ವೈರಾಣು ಕಡಿಮೆಯಿದ್ದು ಪರೀಕ್ಷೆಗೆ ಸಿಗದಿರಬಹುದು. ಕೋವಿಡ್ ಪರೀಕ್ಷೆಗೆ ಫ್ಲೂ ಕಾಣುವುದೂ ಇಲ್ಲ. ಕೆಮ್ಮು ಜ್ವರ ಇರುವಷ್ಟು ದಿನ ಬೇರೆ ಕೋಣೆ, ಇಲ್ಲದಿದ್ದರೆ ಮುಖಗವುಸು ಮತ್ತು ತೆರೆದ ಕಿಟಕಿ. ಅಜ್ಜಿಗೇ ಜ್ವರ ಬಂದರೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಫ್ಲೂ ಆಗಿದ್ದರೆ ಅದರ ಔಷಧಿ ಮೊದಲ 48 ಗಂಟೆಗಳಲ್ಲಿ ಕೊಟ್ಟಾಗಲೇ ಹೆಚ್ಚು ಫಲಕಾರಿ. ಉಸಿರು ಕಟ್ಟಿದಂತಾದರೆ, ತುಟಿ ನೀಲಿಗಟ್ಟಿದರೆ, ಯಾವ ಪರೀಕ್ಷೆಯ ವರದಿಗೂ ಕಾಯದೆ ಆಸ್ಪತ್ರೆಗೆ ಹೊರಡಿ.