ನಿಕೊದೇಮ ಎಂಬ ಹಳ್ಳಿ

ಓದತಕ್ಕ ವೇದಭಾಗಗಳು: ವಿಮೋಚನಕಾಂಡ 16, ಮತ್ತಾಯ 18:20.

ಐಗುಪ್ತದಿಂದ ಹೊರಟ ಇಸ್ರಾಯೇಲ್ಯರು ಒಡನೆ ಕಾನಾನನ್ನು ಸೇರಲಿಲ್ಲ. ಮೊದಲು ಅರಣ್ಯವನ್ನು ಕಂಡರು. ಬಿಡುಗಡೆಯಾದ ಮೇಲೆಯೂ ಶೋಧನೆಗಳುಂಟು. ಇದಕ್ಕೆ ದೃಷ್ಟಾಂತವಾಗಿ ಅಮೇರಿಕದ ಕ್ಯಾನ್ಸಾಸ್ ಸಂಸ್ಥಾನದ ಬಯಲುಸೀಮೆಯಲ್ಲಿರುವ ಒಂದು ಚಿಕ್ಕ ಹಳ್ಳಿಯ ಚರಿತ್ರೆಯನ್ನು ವಿಚಾರಿಸುವೆವು.

1. ಹಳ್ಳಿಯ ಆರಂಭ. ಆ ದೇಶದಲ್ಲಿ ಕರಿಯ ಜನರ ದಾಸತ್ವವು 1865ರಲ್ಲಿ ರದ್ದಾಯಿತು. ಆದರೆ ಅವರಲ್ಲಿ ಹೆಚ್ಚಿನವರಿಗೆ ಭೂಮಿಯಿರಲಿಲ್ಲ. 1862ರ ಕಾಯಿದೆಯ ಪ್ರಕಾರ, ಐದು ವರ್ಷ ವಾಸಮಾಡಿ ಸಾಗುವಳಿ ಮಾಡಿದವರಿಗೆ 160 ಎಕರೆ ಸರ್ಕಾರಿ ಭೂಮಿ ದೊರೆಯುತ್ತಿತ್ತು. ಆದಕಾರಣ 1877ರಲ್ಲಿ ಕೆಂಟಕಿ ಸಂಸ್ಥಾನದಿಂದ ಸುಮಾರು 300 ಮಂದಿ ಹೊರಟು ಬಂದರು. ಹಳ್ಳಿಗೆ ನಿಕೊದೇಮ ಎಂದು ಹೆಸರಾಯಿತು. ಇದು ಯೋಹಾನನ ಸುವಾರ್ತೆಯ ನಿಕೊದೇಮನ ಹೆಸರೆಂದು ಕೆಲವರೂ, ಆ ಹೆಸರಿನ ಒಬ್ಬ ದಾಸನ ಕಥೆಯಿಂದ ಬಂದದ್ದೆಂದು ಕೆಲವರೂ ಹೇಳುವರು.

2. ಅರಣ್ಯದ ಶೋಧನೆ. ಪ್ರಕಟನೆಗಳಲ್ಲಿ ಹೊಗಳಿದ್ದ ಊರು ಅಲ್ಲಿರಲಿಲ್ಲ. ಮನೆ ಕಟ್ಟಲು ಮರಗಳು ವಿರಳ. ಉಳಲು ಕುದುರೆಗಳೂ ಕೊಂಚವೇ. ಜನರು ನೆಲವನ್ನು ಅಗೆದು, ಮೇಲೆ ಕೊಂಬೆ, ಹುಲ್ಲು, ಮಣ್ಣು ಹೊದಿಸಿ, ಗುಳಿಮನೆಗಳಲ್ಲಿ ವಾಸಿಸಿದರು. 1878ರಲ್ಲಿ ಬಂದ ಬೋಧಕರೊಬ್ಬರ ಪತ್ನಿಯು, ನೆಲದೊಳಗಿಂದ ಏಳುವ ಹೊಗೆಯೇ ಆ ಊರೆಂದು ತಿಳಿದು ಅತ್ತಳು. ಅನೇಕರು ಹಿಂದಿರುಗಿದರು. ಮೊದಲನೆಯ ಚಳಿಗಾಲದಲ್ಲಿ ಬೇಟೆಯಿಂದ ಮರಳುತ್ತಿದ್ದ ಓಸೇಜ್ ಕುಲದವರು ತಮ್ಮ ಆಹಾರವನ್ನು ಹಂಚಿಕೊಟ್ಟರೆಂದು ಹಳ್ಳಿಯವರು ಹೇಳುತ್ತಾ ಬಂದಿದ್ದಾರೆ. ಆ ಕುಲದವರು ಕ್ಯಾನ್ಸಾಸಿನಲ್ಲಿದ್ದ ತಮ್ಮ ಭೂಮಿಯನ್ನು ಕೆಲವೇ ವರ್ಷಗಳ ಹಿಂದೆ ಕಳೆದುಕೊಂಡವರು. ಒಳ್ಳೇ ಸಮಾರ್ಯನು ಇಂಥವನೇ ಅಲ್ಲವೇ?

3. ಸಭೆಯೂ ಶಾಲೆಯೂ. ಉಳಿದವರು ಕಟ್ಟಡಕ್ಕಾಗಿ ಕಾಯಲಿಲ್ಲ. ಬ್ಯಾಪ್ಟಿಸ್ಟ್ ಸಭೆಯು ಗುಳಿಮನೆಯಲ್ಲಿಯೇ ಆರಂಭವಾಯಿತು; ಈಗಲೂ ನಿಂತಿರುವ ಅದರ ಕಲ್ಲಿನ ದೇವಾಲಯವು ಕಟ್ಟಲ್ಪಟ್ಟದ್ದು 1907ರಲ್ಲಿ. ಮಕ್ಕಳಿಗೆ ಓದನ್ನೂ ಬೇಗನೆ ಕಲಿಸತೊಡಗಿದರು. ಆ ಊರಿನಲ್ಲಿ ನೆಲೆಸಿದ್ದ ಎಡ್ವರ್ಡ್ ಮೆಕ್ಕೇಬ್ ಎಂಬವರು 1882ರಲ್ಲಿ ಸಂಸ್ಥಾನದ ಲೆಕ್ಕ ತನಿಖಾಧಿಕಾರಿಯಾಗಿ ಚುನಾಯಿತರಾದರು.

4. ಎರಡನೆಯ ಶೋಧನೆ. ರೈಲು ಬರಲೆಂದು ಹಳ್ಳಿಯವರು 1887ರಲ್ಲಿ 16,000 ಡಾಲರುಗಳ ಸಾಲಪತ್ರಗಳಿಗೆ ಒಪ್ಪಿಗೆಕೊಟ್ಟರು. ಆದರೆ 1888ರಲ್ಲಿ ರೈಲುದಾರಿಯು ನದಿಯ ಆಚೆಕಡೆ ಹಾದುಹೋಯಿತು. ವರ್ತಕರು ಅಂಗಡಿಗಳನ್ನು ಕಿತ್ತು ಆ ಕಡೆಗೆ ಹೋದರು. ಕ್ರಮೇಣ ಜನಸಂಖ್ಯೆಯು ಬಹಳ ಕುಗ್ಗಿತು. ಆದರೂ ಹಳ್ಳಿಯು ಅಳಿಯಲಿಲ್ಲ. ಹೊರಟುಹೋದವರ ಮಕ್ಕಳು ಮೊಮ್ಮಕ್ಕಳು ವರ್ಷಕ್ಕೊಮ್ಮೆ ಜುಲೈ ಅಂತ್ಯದಲ್ಲಿ ಅಲ್ಲಿ ಕೂಡಿ ಬಿಡುಗಡೆಯನ್ನು ಸ್ಮರಿಸುತ್ತಾರೆ. 1996ರಲ್ಲಿ ಆ ದೇಶದ ಸರ್ಕಾರವು ಇದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ನಿರ್ಣಯಿಸಿತು.

5. ನಾವು ಕಲಿಯತಕ್ಕದ್ದು. ನಮ್ಮ ಸಭೆಗಳಲ್ಲಿಯೂ ಯೌವನಸ್ಥರು ಕೆಲಸಕ್ಕಾಗಿ ಪಟ್ಟಣ ಸೇರುತ್ತಾರೆ. ಹಳ್ಳಿಯಲ್ಲಿ ನಾಲ್ಕೇ ಮನೆಗಳು ಉಳಿಯುತ್ತವೆ. ಆಗ, "ಇಷ್ಟು ಜನಕ್ಕೆ ಆರಾಧನೆ ಯಾಕೆ?" ಎಂದು ಕೆಲವರು ಅನ್ನುವರು. ದೇವಾಲಯದ ಮಾಡು ಸೋರುವದರಿಂದ ಕೂಡಿಬರುವದನ್ನೇ ಬಿಟ್ಟವರೂ ಉಂಟು. ಹೋದವರನ್ನು ನಾವು ದೂಷಿಸಬಾರದು. ಹೊಟ್ಟೆಯ ಪಾಡು ಅವರನ್ನು ಒಯ್ದಿತು. ಆದರೆ ಇಬ್ಬರು ಮೂವರು ಕೂಡುವಲ್ಲಿ ತಾನು ಇರುವೆನೆಂದು ಕರ್ತನು ಹೇಳಿದ್ದಾನಲ್ಲವೇ? ಉಳಿದ ನಾಲ್ಕು ಮನೆಯವರು ಗಂಟೆಯನ್ನು ಬಾರಿಸಲಿ. ಹೋದವರಿಗೆ ಕ್ರಿಸ್ತಜಯಂತಿಗೂ ಸುಗ್ಗಿಯ ಹಬ್ಬಕ್ಕೂ ಕರೆ ಕಳುಹಿಸಲಿ. ತಿರುಗಿ ಬರುವವರಿಗೆ ಬಾಗಿಲು ತೆರೆದಿರಬೇಕು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
ಅ. ಇಸ್ರಾಯೇಲ್ಯರು ಐಗುಪ್ತವನ್ನು ನೆನಸಿ ಗುಣುಗುಟ್ಟಿದ್ದೇಕೆ?
ಆ. ರೈಲು ಬಾರದಿದ್ದರೂ ನಿಕೊದೇಮದಲ್ಲಿ ಏನು ಉಳಿಯಿತು?
ಇ. ನಮ್ಮ ಸಭೆಯಿಂದ ಹೊರಟುಹೋದವರು ಯಾರು ಯಾರು? ಅವರಿಗೆ ಈ ತಿಂಗಳು ಕಾಗದ ಬರೆಯುವವರು ಯಾರು?