ಮೊದಲು ಥರ್ಮಾಮೀಟರ್, ಆಮೇಲೆ ಕಾಫಿ

ವೃದ್ಧಾಶ್ರಮಗಳಲ್ಲಿ ಬೆಳಿಗ್ಗೆ ಒಬ್ಬ ಆಯಾ ಕಾಫಿ ಲೋಟ ಕೊಡುತ್ತಾ ಹೋಗುತ್ತಾರೆ, ಇನ್ನೊಬ್ಬರು ಅವರ ಬೆನ್ನಿಗೇ ಥರ್ಮಾಮೀಟರ್ ಹಿಡಿದು ಬರುತ್ತಾರೆ. ಚಾರ್ಟ್ ಏನೋ ತುಂಬುತ್ತದೆ. ಅದರಲ್ಲಿ ದಾಖಲಾಗುವುದು ಕಾಫಿಯ ಬಿಸಿ, ಮೈಯ ಬಿಸಿಯಲ್ಲ.

98.6 ಡಿಗ್ರಿ ಫ್ಯಾರನ್‌ಹೀಟ್ ಎಂಬುದು 19ನೇ ಶತಮಾನದ ಜರ್ಮನ್ ವೈದ್ಯ ಕಾರ್ಲ್ ವುಂಡರ್ಲಿಶ್ ಕೊಟ್ಟ ಸರಾಸರಿ. ವಯಸ್ಸಾದವರ ಮೈಬಿಸಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ ಇರುತ್ತದೆ. ಆದ್ದರಿಂದ ಹಿರಿಯರು ಆರೋಗ್ಯವಾಗಿರುವಾಗಲೇ ಕೆಲವು ದಿನ ಒಂದೇ ಹೊತ್ತಿಗೆ ಅಳೆದು, ಅವರವರ ಮಾಮೂಲಿ ಅಂಕಿಯನ್ನು ಫೈಲಿನ ಮೊದಲ ಪುಟದಲ್ಲೇ ಬರೆದಿಡಿ.

1. ಯಾರಿಗೆ ಬಾಯಲ್ಲಿ ಬೇಡ: ಮರೆವು, ಗೊಂದಲದಿಂದ ಕಚ್ಚಿಬಿಡುವವರು, ಮಂಪರಿನಲ್ಲಿರುವವರು, ಫಿಟ್ಸ್ ಬರುವವರು, ಬಾಯಲ್ಲಿ ಉಸಿರಾಡುವವರು, ಆಕ್ಸಿಜನ್ ಮಾಸ್ಕ್ ಹಾಕಿದವರು, ಲಕ್ವ ಹೊಡೆದು ತುಟಿ ಮುಚ್ಚಲಾಗದವರು, ಬಾಯಿ ಹುಣ್ಣಾದವರು. ಇವರಿಗೆಲ್ಲ ಕಂಕುಳಲ್ಲಿ ನೋಡಿ. ಅಲ್ಲಿ ಸುಮಾರು ಒಂದು ಡಿಗ್ರಿ ಕಡಿಮೆ ತೋರಿಸುತ್ತದೆ. ನೀವೇ ಒಂದು ಡಿಗ್ರಿ ಕೂಡಿಸಿ ಬರೆಯಬೇಡಿ; ಬಂದ ಅಂಕಿಯ ಪಕ್ಕ ‘ಕಂಕುಳು’ ಎಂದು ಬರೆಯಿರಿ.

2. ಬಾಯಿಗೆ ಬಿಡುವು ಕೊಡಿ: ಎಡವಟ್ಟಾಗುವುದು ಇಲ್ಲೇ. ಕಾಫಿ, ಟೀ, ಬಿಸಿನೀರು ಕುಡಿದ ಬಾಯಿ ಇಲ್ಲದ ಜ್ವರ ತೋರಿಸುತ್ತದೆ. ಅದರಿಂದ ಒಂದು ಮಾತ್ರೆ ದಂಡವಾಗಬಹುದು, ಅಷ್ಟೆ. ನನಗೆ ಹೆಚ್ಚು ಭಯ ತಣ್ಣಗಿನದ್ದರ ಬಗ್ಗೆ. ಫ್ರಿಜ್ ನೀರು ಅಥವಾ ಮಜ್ಜಿಗೆ ಕುಡಿದ ಕೂಡಲೇ ನೋಡಿದರೆ ಇರುವ ಜ್ವರವೂ ಅಡಗಿಕೊಳ್ಳುತ್ತದೆ, ಶಿಫ್ಟ್ ಮುಗಿಯುವ ತನಕ ಯಾರೂ ತಿರುಗಿ ನೋಡುವುದಿಲ್ಲ. ಎಲೆ-ಅಡಿಕೆ, ಬೀಡಿ, ಹಲ್ಲುಜ್ಜಿ ಬಿಸಿನೀರಲ್ಲಿ ಬಾಯಿ ಮುಕ್ಕಳಿಸುವುದು ಎಲ್ಲವೂ ಇದೇ ಲೆಕ್ಕ. ಕಾಯಬೇಕಾದ ಸಮಯ 15ರಿಂದ 30 ನಿಮಿಷ. ನನ್ನ ಮಾತು ಕೇಳುವುದಾದರೆ ಅರ್ಧ ಗಂಟೆಯೇ ಇರಲಿ. “ಏನಾದರೂ ಕುಡಿದ್ರಾ?” ಎಂದು ಕೇಳಿ ಸುಮ್ಮನಾಗಬೇಡಿ, ಎಷ್ಟೋ ಜನ ಮರೆತಿರುತ್ತಾರೆ. ಮಂಚದ ಪಕ್ಕದ ಲೋಟವನ್ನೂ ನೋಡಿ. ಹಾಗೆಂದು ಕಾಫಿಗೆ ಕಾಯಿಸುವುದು ಹಿರಿಯರಿಗೆ ಶಿಕ್ಷೆ. ಅಡುಗೆಮನೆಯವರ ಜೊತೆ ಮಾತಾಡಿ, ಥರ್ಮಾಮೀಟರ್ ಸುತ್ತನ್ನೇ ಮುಂದಕ್ಕೆ ತನ್ನಿ.

3. ಇಡುವ ಜಾಗ: ಕೂರಿಸಿ, ಎದುರಿಗೆ ನಿಂತು, “ಅಜ್ಜಿ, ಜ್ವರ ನೋಡ್ತೀನಿ, ಬಾಯಿ ತೆಗೀರಿ” ಎನ್ನಿ. ಡಿಜಿಟಲ್ ಥರ್ಮಾಮೀಟರಿನ ತುದಿ ನಾಲಿಗೆಯ ಅಡಿಯಲ್ಲಿ, ಹಿಂದಕ್ಕೆ, ನಡುವಿನ ತೆಳು ಪಟ್ಟಿಯ ಎಡಕ್ಕೋ ಬಲಕ್ಕೋ ಇರುವ ಕುಳಿಯಲ್ಲಿ ಕೂರಬೇಕು. ನಾಲಿಗೆಯ ಮೇಲೆ, ಹಲ್ಲಿನ ಹತ್ತಿರ ಇಟ್ಟದ್ದು ಲೆಕ್ಕಕ್ಕಿಲ್ಲ. ತುಟಿ ಮುಚ್ಚಬೇಕು, ಕಚ್ಚಬಾರದು, ಮಾತು ಬೇಡ. ಕೈ ನಡುಗುವವರಿದ್ದರೆ ನೀವೇ ಹಿಡಿದುಕೊಳ್ಳಿ.

4. ಬೀಪ್ ಆಗುವ ತನಕ ತೆಗೆಯಬೇಡಿ. ಅಂಕಿ, ಹೊತ್ತು, ‘ಬಾಯಿ’ ಎಂಬ ಮಾತು, ಕೊನೆಯ ಪ್ಯಾರಾಸಿಟಮಾಲ್ ಕೊಟ್ಟ ಸಮಯ ಎಲ್ಲವನ್ನೂ ಅಲ್ಲೇ ಬರೆಯಿರಿ. ಸುತ್ತು ಮುಗಿಸಿ ನೆನಪಿನಿಂದ ಬರೆದರೆ ಒಬ್ಬರ ಜ್ವರ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ.

5. ಯಾವಾಗ ಹೇಳಬೇಕು: ಇಂಥ ಕೇಂದ್ರಗಳ ಹಿರಿಯರಿಗಾಗಿ ಅಮೆರಿಕದ ಸೋಂಕುರೋಗ ತಜ್ಞರ ಸಂಘ 2008ರಲ್ಲಿ ಕೊಟ್ಟ ಅಳತೆ ಹೀಗಿದೆ: ಬಾಯಲ್ಲಿ ಒಮ್ಮೆ 100 ದಾಟಿದರೆ, ಮತ್ತೆ ಮತ್ತೆ 99 ದಾಟಿದರೆ, ಅಥವಾ ಮಾಮೂಲಿಗಿಂತ 2 ಡಿಗ್ರಿಗೂ ಮೇಲೇರಿದರೆ ಅದು ಜ್ವರ. ಅಂದರೆ 97 ಇರುವ ಅಜ್ಜನಿಗೆ 99.2 ಬಂದರೆ “ನಾರ್ಮಲ್” ಎಂದು ಬಿಡುವಂತಿಲ್ಲ; ನರ್ಸ್‌ಗೋ ಡಾಕ್ಟರಿಗೋ ತಿಳಿಸಿ. ಜ್ವರವಿಲ್ಲದೆಯೂ ಸೋಂಕು ಇರುತ್ತದೆ. ಊಟ ಬಿಟ್ಟರೆ, ದಿಢೀರ್ ಗೊಂದಲವಾದರೆ, ಬಿದ್ದರೆ ಅಂಕಿಗೆ ಕಾಯಬೇಡಿ.

ಉಳಿದದ್ದು ಚುಟುಕಾಗಿ: ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಕೈ ತೊಳೆಯಿರಿ, ತುದಿಯನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಒಣಗಿಸಿ, ಕುದಿನೀರು ಬೇಡ. ಕಂಕುಳಿನದ್ದಕ್ಕೆ ಬೇರೆಯೇ ಥರ್ಮಾಮೀಟರ್ ಇಡಿ. ಪಾದರಸದ ಗಾಜಿನದ್ದು ಇದ್ದರೆ ಬಳಕೆಯಿಂದ ತೆಗೆಯಿರಿ; ಒಡೆದರೆ ಪೊರಕೆ ಮುಟ್ಟಬೇಡಿ, ಕಿಟಕಿ ತೆರೆದು, ಗ್ಲೌಸ್ ಹಾಕಿ, ಗಟ್ಟಿ ಕಾಗದದಿಂದ ಮುಚ್ಚಳದ ಡಬ್ಬಿಗೆ ಎತ್ತಿಡಿ.