ಅಜ್ಜಿಯ ಆಲ್ಬಮ್ ಉಳಿಸಿಕೊಳ್ಳೋಣ ಬನ್ನಿ



ಹೋದ ಸಲ ಸಾಗರಕ್ಕೆ ಹೋಗಿದ್ದಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ ಆಲ್ಬಮ್ ಒಂದು ಸಿಕ್ಕಿತು. ಮಲೆನಾಡಿನ ಎಷ್ಟೋ ಮಳೆಗಾಲ ಕಂಡ ಆಲ್ಬಮ್! ಕೆಲವು ಫೋಟೋಗಳಿಗೆ ಬೂಷ್ಟು ಹಿಡಿದಿತ್ತು, ಕೆಲವನ್ನು ಹುಳ ತಿಂದಿತ್ತು. ಅಜ್ಜಿಯ ಮದುವೆಯ ಗ್ರೂಪ್ ಫೋಟೋ ಮಾತ್ರ ಚೆನ್ನಾಗಿತ್ತು. ಹಿಂದಿನ ಸಾಲಿನಲ್ಲಿ ನಿಂತ ಹೆಂಗಸು ಯಾರು ಎಂದು ದೊಡ್ಡಮ್ಮನನ್ನು ಕೇಳಿದೆ. "ನಿಮ್ಮಜ್ಜಿಗೆ ಗೊತ್ತಿತ್ತು ಕಣೋ, ಆಗಲೇ ಕೇಳ್ಬೇಕಿತ್ತು" ಎಂದರು. ಅಜ್ಜಿ ತೀರಿಕೊಂಡು ಆರು ವರ್ಷವಾಗಿತ್ತು.

ನಮ್ಮ ಸಿಡ್ನಿಯದೇ ಒಂದು ಕಥೆ ಕೇಳಿ. 1951ರಲ್ಲಿ ಚಾಟ್ಸ್‌ವುಡ್‌ನ ಮನೆಯೊಂದರ ಹಿತ್ತಲಿನ ಶೆಡ್ಡಿನಲ್ಲಿ ಸುಮಾರು 3,500 ಗಾಜಿನ ನೆಗೆಟಿವ್‌ಗಳು ಸಿಕ್ಕವು. ಹಿಲ್ ಎಂಡ್, ಗಲ್ಗಾಂಗ್ ಎಂಬ ಚಿನ್ನದ ಗಣಿಯ ಊರುಗಳ ಜನ, ಅಂಗಡಿ, ಗುಡಿಸಲುಗಳನ್ನು 1870ರ ದಶಕದಲ್ಲಿ ಸೆರೆಹಿಡಿದ ಚಿತ್ರಗಳವು. ಇಂದು 'ಹಾಲ್ಟರ್‌ಮನ್ ಸಂಗ್ರಹ' ಎಂಬ ಹೆಸರಿನಲ್ಲಿ ನ್ಯೂ ಸೌತ್ ವೇಲ್ಸ್ ಸ್ಟೇಟ್ ಲೈಬ್ರರಿಯಲ್ಲಿ ಭದ್ರವಾಗಿವೆ. ಗಾಜಾದ್ದರಿಂದ ಶೆಡ್ಡಿನಲ್ಲೂ ಉಳಿದವು. ನಮ್ಮ ಕಾಗದದ ಫೋಟೋಗಳಿಗೆ ಅಷ್ಟು ಅದೃಷ್ಟವಿಲ್ಲ, ನಾವೇ ನೋಡಿಕೊಳ್ಳಬೇಕು.

1. ಫೋಟೋ ಏಕೆ ಹಾಳಾಗುತ್ತದೆ?

ಕಪ್ಪು-ಬಿಳುಪು ಚಿತ್ರದಲ್ಲಿರುವುದು ಬೆಳ್ಳಿಯ ಕಣಗಳು, ಹಾಗಾಗಿ ಬಾಳಿಕೆ ಹೆಚ್ಚು. ಬಣ್ಣದ ಚಿತ್ರದಲ್ಲಿರುವುದು ರಾಸಾಯನಿಕ ಬಣ್ಣ. 1970ರ ದಶಕದ ಎಷ್ಟೋ ಕಲರ್ ಫೋಟೋಗಳು ಕೆಂಪಾಗಿರುವುದನ್ನು ನೋಡಿರುತ್ತೀರಿ. ಅವುಗಳಲ್ಲಿನ ನೀಲಿ-ಹಸಿರು ಬಣ್ಣ ಕತ್ತಲಲ್ಲಿ ಇಟ್ಟರೂ ಮಾಸುತ್ತದೆ. ಶಾಖ, ತೇವ, ಬೆಳಕು ಮೂರೂ ಫೋಟೋಗೆ ಶತ್ರುಗಳೇ.

2. ಎಲ್ಲಿ ಇಡಬೇಕು?

ಗರಾಜು, ಛಾವಣಿಯ ಕೆಳಗಿನ ಜಾಗ ಖಂಡಿತ ಬೇಡ. ಮೆಲ್ಬರ್ನ್‌ನಲ್ಲಿ 40 ಡಿಗ್ರಿ ದಾಟಿದ ದಿನ ಅಲ್ಲಿನ ಬಿಸಿ ಹೇಗಿರುತ್ತದೆಂದು ಗೊತ್ತೇ ಇದೆ. ಸಿಡ್ನಿಯಲ್ಲಿ ಸೆಕೆಯ ಜೊತೆಗೆ ತೇವ ಬೇರೆ. ಮನೆಯ ಒಳಭಾಗದ ಕೋಣೆಯ ಕಪಾಟಿನಲ್ಲಿ, ನೆಲಕ್ಕಿಂತ ಎತ್ತರದಲ್ಲಿ ಇಡಿ. ಗಾಳಿಯ ತೇವಾಂಶ ಶೇಕಡಾ 30ರಿಂದ 50 ಇದ್ದರೆ ಒಳ್ಳೆಯದು.

ಅಂಟಿನ ಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಆಲ್ಬಮ್‌ಗಳನ್ನು, ಪಿವಿಸಿ ಕವರುಗಳನ್ನು ಬಿಡಿ. ಆಮ್ಲರಹಿತ ಕಾಗದ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು ಬಳಸಿ. ಅಂಟಿಕೊಂಡ ಫೋಟೋವನ್ನು ಮಾತ್ರ ಎಳೆಯಬೇಡಿ! ನಾನು ಎಳೆದು ಚಿಕ್ಕಪ್ಪನ ನಾಮಕರಣದ ಫೋಟೋವನ್ನೇ ಹರಿದೆ. ಹಾಳೆಯ ಸಮೇತ ಸ್ಕ್ಯಾನ್ ಮಾಡಬಹುದಿತ್ತು ಎಂದು ಆಮೇಲೆ ಹೊಳೆಯಿತು. ಫ್ರೇಮಿನ ಗಾಜಿಗೆ ಅಂಟಿದ್ದಕ್ಕೂ ಇದೇ ಉಪಾಯ.

ಇನ್ನೊಂದು ಮಾತು. ಹಿರಿಯರ ಫೋಟೋಗೆ ಕುಂಕುಮ ಇಟ್ಟು, ಹಾರ ಹಾಕಿ, ಊದುಬತ್ತಿ ಹಚ್ಚುವುದು ನಮ್ಮ ಪದ್ಧತಿ. ಅದಕ್ಕೆ ಪ್ರತಿಯೊಂದನ್ನು ಮಾಡಿಸಿ ಗೋಡೆಗೆ ಹಾಕಿ, ಮೂಲವನ್ನು ಪೆಟ್ಟಿಗೆಯಲ್ಲಿಡಿ.

3. ಸ್ಕ್ಯಾನ್ ಹೇಗೆ?

ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲಿ 600 ಡಿಪಿಐ, ಪುಟ್ಟ ಫೋಟೋಗಳಿಗೆ 1200. ಮೂಲ ಪ್ರತಿಯನ್ನು ಟಿಫ್ ಫೈಲಾಗಿ ಉಳಿಸಿ, ಹಂಚಲು ಜೆಪೆಗ್ ಸಾಕು. 4x6 ಇಂಚಿನ ಬಣ್ಣದ ಚಿತ್ರ 600 ಡಿಪಿಐನಲ್ಲಿ ಸುಮಾರು 26 ಎಂಬಿ ಆಗುತ್ತದೆ. ಅಂದರೆ ಸಾವಿರ ಫೋಟೋಗೆ 26 ಜಿಬಿ, ಇಂದಿನ ಪೆನ್‌ಡ್ರೈವ್ ಲೆಕ್ಕದಲ್ಲಿ ಏನೇನೂ ಅಲ್ಲ. ವಾಟ್ಸ್ಯಾಪ್‌ನಲ್ಲಿ ಬಂದ ಫೋಟೋವನ್ನು ಪ್ರತಿ ಎಂದು ನಂಬಬೇಡಿ. ಸಾಮಾನ್ಯವಾಗಿ ಅದು ಚಿತ್ರವನ್ನು ಕುಗ್ಗಿಸಿಯೇ ಕಳಿಸುತ್ತದೆ.

4. ಮೂರು-ಎರಡು-ಒಂದು

ನಮ್ಮ ಕಂಪ್ಯೂಟರ್ ಕ್ಷೇತ್ರದ ಸರಳ ಸೂತ್ರವಿದು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ನಮಗಿದು ಬಹಳ ಸುಲಭ. ಒಂದು ಹಾರ್ಡ್‌ಡಿಸ್ಕ್ ಇಲ್ಲಿ, ಇನ್ನೊಂದು ಬೆಂಗಳೂರಿನ ಅಣ್ಣನ ಮನೆಯಲ್ಲಿ, ಮೂರನೆಯದು ಕ್ಲೌಡ್‌ನಲ್ಲಿ! ಪ್ರತಿ ಯುಗಾದಿಗೆ ಡಿಸ್ಕ್ ತೆರೆದು ನೋಡಿ, ಐದಾರು ವರ್ಷಕ್ಕೊಮ್ಮೆ ಹೊಸದಕ್ಕೆ ವರ್ಗಾಯಿಸಿ. ಹಳೆಯ ಸಿಡಿಗಳಲ್ಲಿ ಇರುವುದನ್ನು ಇಂದೇ ತೆಗೆದುಬಿಡಿ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು ಎಂಬ ನಿಯಮ 2023ರಲ್ಲಿ ಬಂದಿದೆ. ಆದ್ದರಿಂದ ನಿಮ್ಮ ನಂತರ ಖಾತೆ ಯಾರ ಕೈಗೆ ಹೋಗಬೇಕೆಂದು ಸೆಟ್ಟಿಂಗ್ಸ್‌ನಲ್ಲಿ ಈಗಲೇ ನಮೂದಿಸಿ.

5. ಹೆಸರು ಬರೆಯಿರಿ

ಇದೇ ಎಲ್ಲಕ್ಕಿಂತ ಮುಖ್ಯ. ಫೈಲಿನ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ಊರು, ಸಂದರ್ಭ ಇರಲಿ. ಫೋಟೋದ ಹಿಂದೆ ಬಾಲ್‌ಪೆನ್ ಬೇಡ, ಮೆತ್ತನೆಯ ಪೆನ್ಸಿಲ್ ಸಾಕು. ಊರಿನ ಹಿರಿಯರಿಗೆ ವೀಡಿಯೋ ಕರೆ ಮಾಡಿ ಒಂದೊಂದೇ ಚಿತ್ರ ತೋರಿಸಿ, ಅವರು ಹೇಳುವುದನ್ನು ರೆಕಾರ್ಡ್ ಮಾಡಿಕೊಳ್ಳಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಕನ್ನಡ ಪಾಠವೂ ಆಯಿತು.

ಈಗ ಭಾನುವಾರಗಳಲ್ಲಿ ದೊಡ್ಡಮ್ಮನ ಜೊತೆ ನಾನೂ ಮಗಳೂ ಇದನ್ನೇ ಮಾಡುತ್ತಿದ್ದೇವೆ. ಮದುವೆಯ ಫೋಟೋದಲ್ಲಿರುವ 23 ಜನರಲ್ಲಿ 19 ಜನರ ಹೆಸರು ಸಿಕ್ಕಿದೆ. ಹಿಂದಿನ ಸಾಲಿನ ಆ ಹೆಂಗಸು ಯಾರೆಂದು ಇನ್ನೂ ತಿಳಿದಿಲ್ಲ. ಸ್ಕ್ಯಾನಿಂಗ್ ಮುಂದಿನ ತಿಂಗಳಾದರೂ ಮಾಡಬಹುದು, ಫೋನು ಮಾತ್ರ ಈ ವಾರವೇ ಮಾಡಿ.